ದೇಶ ಸುತ್ತುವುದೋ, ದೇಶ ನೋಡುವುದೋ?

"ದೇಶ ಸುತ್ತಿ ನೋಡು, ಕೋಶ ಓದಿ ನೋಡು" ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಈ ಗಾದೆಯನ್ನು ಉಚ್ಚರಿಸುವಾಗ ನಾವು ಸಾಮಾನ್ಯವಾಗಿ 'ಸುತ್ತಿ' ಎಂಬ ಮಾತಿಗೆ ಒತ್ತು ಕೊಡುತ್ತೇವೆ. ಆದರೆ ಗಾದೆಯ ಭಾರವೆಲ್ಲ ಇರುವುದು 'ನೋಡು' ಎಂಬ ಮಾತಿನ ಮೇಲೆ. ಸುತ್ತುವುದು ಕಾಲಿನ ಕೆಲಸ. ನೋಡುವುದು ಕಣ್ಣಿನ ಮತ್ತು ಮನಸ್ಸಿನ ಕೆಲಸ. ಕಾಲು ಸೋತು ಮನಸ್ಸು ಬಳಲಿದಾಗ ಕಣ್ಣು ತೆರೆದಿದ್ದರೂ ನೋಟವಿರುವುದಿಲ್ಲ. ದೂರದ ದೊಡ್ಡ ದೇಶಗಳಿಗೆ ವಿಹಾರಾರ್ಥವಾಗಿ ಹೊರಡುವ ನಮ್ಮ ವಯಸ್ಸಿನವರು ಈ ಸಾಮಾನ್ಯ ಸಂಗತಿಯನ್ನು ಮರೆತು ಯೋಜನೆ ಹಾಕುತ್ತಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಸಂಘದ ಸ್ಮರಣ ಸಂಚಿಕೆಯಲ್ಲಿ ವೈದ್ಯರು ಬರೆದ ಆರೋಗ್ಯ ಲೇಖನಗಳ ನಡುವೆ, ವೈದ್ಯನಲ್ಲದ ಈ ನಿವೃತ್ತ ಬ್ಯಾಂಕ್ ನೌಕರನ ಬರಹಕ್ಕೂ ಎಡೆಮಾಡಿಕೊಟ್ಟ ಸಂಪಾದಕರಿಗೆ ವಂದಿಸಿ ವಿಷಯಕ್ಕೆ ಬರುತ್ತೇನೆ.

ನ್ಯೂ ಟೌನಿನಲ್ಲಿ ನೆಲೆಸಿರುವ ನಾವು ಏಳೆಂಟು ಮಂದಿ ಕನ್ನಡಿಗರು ಸಂಜೆಯ ಹೊತ್ತು ಇಕೋ ಪಾರ್ಕಿನಲ್ಲಿ ಅಡ್ಡಾಡುವುದು ರೂಢಿ. 480 ಎಕರೆಗಳ ಆ ವಿಶಾಲವಾದ ಉದ್ಯಾನದ ಒಂದು ಭಾಗದಲ್ಲಿ ಜಗತ್ತಿನ ಏಳು ಅದ್ಭುತಗಳ ಪ್ರತಿಕೃತಿಗಳನ್ನು ನಿಲ್ಲಿಸಿದ್ದಾರೆ. ತಾಜಮಹಲು, ಚೀನದ ಮಹಾಗೋಡೆ, ಈಜಿಪ್ಟಿನ ಪಿರಮಿಡ್ಡು, ರೋಮಿನ ಕೊಲೋಸಿಯಮ್, ಜೋರ್ಡಾನಿನ ಪೆಟ್ರಾ, ಬ್ರೆಜಿಲಿನ ಬೆಟ್ಟದ ಮೇಲೆ ಕೈಚಾಚಿ ನಿಂತ ಕ್ರಿಸ್ತ, ಈಸ್ಟರ್ ದ್ವೀಪದ ಶಿಲಾಮುಖಗಳು—ಇವೆಲ್ಲವನ್ನೂ ಅರ್ಧ ಗಂಟೆಯಲ್ಲಿ ಸುತ್ತಿ, ಒಂದೊಂದರ ಮುಂದೆಯೂ ನಿಂತು ಛಾಯಾಚಿತ್ರ ತೆಗೆಸಿಕೊಂಡು, ಝಾಲ್‌ಮುಡಿ ತಿನ್ನುತ್ತ ಮನೆಗೆ ಮರಳಬಹುದು. ಇದರಲ್ಲಿ ತಪ್ಪೇನೂ ಇಲ್ಲ. ಮೊಮ್ಮಕ್ಕಳಿಗೆ ಇದಕ್ಕಿಂತ ಸಂತೋಷದ ಜಾಗ ಇನ್ನೊಂದಿಲ್ಲ. ಆದರೆ ನಿಜವಾದ ದೇಶಗಳನ್ನೂ ಇದೇ ಕ್ರಮದಲ್ಲಿ ನೋಡಿ ಮುಗಿಸಲು ಹೊರಟಾಗ ತೊಂದರೆ ಆರಂಭವಾಗುತ್ತದೆ.

ಕೆಲವು ದಿನಗಳ ಹಿಂದೆ ನಮ್ಮ ಗುಂಪಿನ ಹಿರಿಯರೊಬ್ಬರು ಬಣ್ಣದ ಕಿರುಹೊತ್ತಗೆಯೊಂದನ್ನು ತಂದು ತೋರಿಸಿದರು. ಹದಿನಾಲ್ಕು ದಿನಗಳಲ್ಲಿ ಅಮೆರಿಕದ ಹನ್ನೊಂದು ನಗರಗಳು. ನ್ಯೂಯಾರ್ಕಿನಿಂದ ಹೊರಟು, ನಯಾಗರಾ ಜಲಪಾತವನ್ನು ನೋಡಿ, ಮಧ್ಯದಲ್ಲಿ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯನ್ನು ಸ್ಪರ್ಶಿಸಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮುಗಿಯುವ ಯಾತ್ರೆ. ಅವರಿಗೆ ಎಪ್ಪತ್ತೊಂದು ವರ್ಷ. ಹೃದಯಕ್ಕೆ ಒಂದು ಸ್ಟೆಂಟ್ ಹಾಕಿದೆ. ಅವರ ಪತ್ನಿಗೆ ಮೊಣಕಾಲು ನೋವು. "ನೀವು ಒಮ್ಮೆ ಹೋಗಿ ಬಂದವರು, ಹೇಗಿದೆ ನೋಡಿ ಹೇಳಿ" ಎಂದು ಕೇಳಿದರು. ಆ ಸಂಜೆ ನಾನು ಸಂಕೋಚದಿಂದ ಅರ್ಧ ಉತ್ತರವನ್ನಷ್ಟೇ ಕೊಟ್ಟೆ. ಪೂರ್ಣ ಉತ್ತರ ಈ ಲೇಖನ.

ಮೊದಲು ದೇಶದ ಗಾತ್ರವನ್ನು ನೋಡೋಣ. ಅಮೆರಿಕ ಸಂಯುಕ್ತ ಸಂಸ್ಥಾನದ ವಿಸ್ತೀರ್ಣ ಸುಮಾರು 98 ಲಕ್ಷ ಚದರ ಕಿಲೋಮೀಟರು. ನಮ್ಮ ಭಾರತದ್ದು ಸುಮಾರು 33 ಲಕ್ಷ. ಅಂದರೆ ಮೂರು ಭಾರತಗಳನ್ನು ಒಟ್ಟಿಗೆ ಇಟ್ಟಷ್ಟು ದೊಡ್ಡ ನೆಲ. ನ್ಯೂಯಾರ್ಕಿನಿಂದ ಲಾಸ್ ಏಂಜಲೀಸಿಗೆ ಆಕಾಶಮಾರ್ಗದಲ್ಲೇ 3,900 ಕಿಲೋಮೀಟರಿಗೂ ಹೆಚ್ಚು. ಹಾವ್ಡಾದಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಅಲ್ಲಿ ಇಳಿಯದೆ ಅದೇ ರೈಲಿನಲ್ಲಿ ಹಾವ್ಡಾಕ್ಕೆ ಹಿಂತಿರುಗಿದರೆ ಎಷ್ಟಾಗುತ್ತದೆಯೋ ಅಷ್ಟು. ಭೂಪಟದಲ್ಲಿ ಬೆರಳಗಲದಷ್ಟು ಕಾಣುವ ದೂರವೂ ಅಲ್ಲಿ ಮೋಸ ಮಾಡುತ್ತದೆ. ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯ ದಕ್ಷಿಣದ ಅಂಚಿನಿಂದ ಉತ್ತರದ ಅಂಚಿಗೆ ಹಕ್ಕಿ ಹಾರುವ ದೂರ ಹದಿನಾರೇ ಕಿಲೋಮೀಟರು. ಆದರೆ ಮನುಷ್ಯನು ಮೋಟಾರಿನಲ್ಲಿ ಕಣಿವೆಯನ್ನು ಬಳಸಿಕೊಂಡು ಹೋಗಬೇಕಾದರೆ ಸುಮಾರು 350 ಕಿಲೋಮೀಟರು ಸಾಗಬೇಕು. ಅರ್ಧ ದಿನ ಅದಕ್ಕೇ ಮೀಸಲು. ಎದುರಿಗೆ ಕಾಣುವ ದಡವೇ ಇಷ್ಟು ದೂರವಿರುವ ದೇಶದಲ್ಲಿ ಹದಿನಾಲ್ಕು ದಿನಗಳಿಗೆ ಹನ್ನೊಂದು ನಗರಗಳೆಂದರೆ, ಎಚ್ಚರವಾಗಿರುವ ಕಾಲದ ಬಹುಭಾಗ ಬಸ್ಸಿನ ಆಸನದಲ್ಲಿ, ವಿಮಾನ ನಿಲ್ದಾಣದ ಸಾಲಿನಲ್ಲಿ, ಹೋಟೆಲಿನ ಮೆಟ್ಟಿಲಿನಲ್ಲಿ ಕಳೆಯುತ್ತದೆ ಎಂದೇ ಅರ್ಥ.

ಎರಡನೆಯದಾಗಿ ಶರೀರ. ನಮ್ಮ ದೇಶಕ್ಕೆಲ್ಲ ಒಂದೇ ಗಡಿಯಾರ. ಅಮೆರಿಕದ ಮುಖ್ಯ ಭೂಭಾಗದಲ್ಲಿಯೇ ನಾಲ್ಕು ಗಡಿಯಾರಗಳಿವೆ. ಬೇಸಿಗೆಯಲ್ಲಿ ಕೋಲ್ಕತ್ತಕ್ಕೂ ನ್ಯೂಯಾರ್ಕಿಗೂ ಒಂಬತ್ತೂವರೆ ಗಂಟೆ, ಕೋಲ್ಕತ್ತಕ್ಕೂ ಕ್ಯಾಲಿಫೋರ್ನಿಯಾಕ್ಕೂ ಹನ್ನೆರಡೂವರೆ ಗಂಟೆ ಅಂತರ. ಕೈಗಡಿಯಾರದ ಮುಳ್ಳನ್ನು ಕ್ಷಣದಲ್ಲಿ ತಿರುಗಿಸಬಹುದು. ನಿದ್ರೆ, ಹಸಿವು, ಮಲವಿಸರ್ಜನೆಗಳನ್ನು ನಡೆಸುವ ಒಳಗಿನ ಗಡಿಯಾರ ಹಾಗೆ ತಿರುಗದು. ಒಂದು ಗಂಟೆಯ ಅಂತರಕ್ಕೆ ಸುಮಾರು ಒಂದು ದಿನ ಬೇಕೆಂಬುದು ವೈದ್ಯರ ಸ್ಥೂಲ ಲೆಕ್ಕ. ಹೀಗಿರುವಾಗ ಶರೀರವು ಇನ್ನೂ ಕೋಲ್ಕತ್ತದ ನಡುರಾತ್ರಿಯಲ್ಲಿರುವಾಗಲೇ ಅದನ್ನು ನ್ಯೂಯಾರ್ಕಿನ ನಡುಹಗಲಿನಲ್ಲಿ ನಿಲ್ಲಿಸಿ, ಮೂರನೆಯ ದಿನ ವಾಷಿಂಗ್ಟನ್ನಿಗೆ, ಐದನೆಯ ದಿನ ನಯಾಗರಾಕ್ಕೆ ಓಡಿಸುವುದು ಶರೀರಕ್ಕೆ ಮಾಡುವ ಅನ್ಯಾಯ. ತರುಣರು ಇದನ್ನು ತಡೆದುಕೊಳ್ಳುತ್ತಾರೆ. ಅರವತ್ತು ದಾಟಿದವರಲ್ಲಿ ಈ ಅನ್ಯಾಯ ಎಲ್ಲೋ ಒಂದು ಕಡೆ ಹೊರಬೀಳುತ್ತದೆ.

ನನ್ನ ಮನೆಯಲ್ಲಿ ಹೊರಬಿದ್ದ ಬಗೆಯನ್ನು ಹೇಳುತ್ತೇನೆ.

2017ರ ಬೇಸಿಗೆಯಲ್ಲಿ ನಾನೂ ನನ್ನಾಕೆಯೂ ಕ್ಯಾಲಿಫೋರ್ನಿಯಾದಲ್ಲಿರುವ ಮಗನ ಬಳಿಗೆ ಹೋದೆವು. ಮಗನಿಗೆ ರಜೆ ಇರಲಿಲ್ಲ. ಅಪ್ಪ ಅಮ್ಮ ಮನೆಯಲ್ಲಿ ಸುಮ್ಮನೆ ಕುಳಿತಿರಬಾರದೆಂದು ಅವನು ನಮಗಾಗಿ ಪೂರ್ವ ತೀರದ ಹತ್ತು ದಿನಗಳ ಪ್ರವಾಸವೊಂದಕ್ಕೆ ಹಣ ಕಟ್ಟಿದ್ದನು. ನಾವು ಬಂದಿಳಿದು ಐದೇ ದಿನಗಳಾಗಿದ್ದವು. ಮತ್ತೆ ಮೂರು ಗಂಟೆಗಳ ಅಂತರದ ಊರಿಗೆ ಹಾರಿದೆವು. ನನ್ನಾಕೆಗೆ ಇಪ್ಪತ್ತು ವರ್ಷಗಳಿಂದ ಮಧುಮೇಹ. ದಿನಕ್ಕೆ ಎರಡು ಬಾರಿ ಇನ್ಸುಲಿನ್. ವಾಷಿಂಗ್ಟನ್ನಿನಿಂದ ನಯಾಗರಾಕ್ಕೆ ಹೊರಡುವ ದಿನ ಬೆಳಿಗ್ಗೆ ಆರಕ್ಕೆ ಬಸ್ಸು. ಉಪಾಹಾರ ದಾರಿಯಲ್ಲಿ ಎಂದು ಮಾರ್ಗದರ್ಶಕರು ಹೇಳಿದ್ದರು. ಆ ಮಾತನ್ನು ನಂಬಿ ಅವಳು ಐದೂವರೆಗೇ ಚುಚ್ಚುಮದ್ದು ತೆಗೆದುಕೊಂಡಳು. ದಾರಿಯಲ್ಲಿ ಅಪಘಾತವೊಂದರಿಂದ ವಾಹನಗಳು ಮೈಲುಗಟ್ಟಲೆ ನಿಂತವು. ಎಂಟೂವರೆಯಾದರೂ ಉಪಾಹಾರವಿಲ್ಲ. ಅವಳು ಕಿಟಕಿಗೆ ತಲೆಯಾನಿಸಿ ಮಲಗಿದ್ದಳು. ದಣಿವಿನ ನಿದ್ರೆ ಎಂದು ನಾನು ಭಾವಿಸಿದೆ. ಪಕ್ಕದ ಸಾಲಿನಲ್ಲಿದ್ದ ಗುಜರಾತಿ ತಾಯಿಯೊಬ್ಬರು ಅವಳ ಹಣೆಯ ಬೆವರನ್ನು ಕಂಡು ಎದ್ದು ಬಂದು ಮಾತನಾಡಿಸಿದರು. ಮಾತು ತೊದಲುತ್ತಿತ್ತು. ಆಕೆ ತಮ್ಮ ಚೀಲದಿಂದ ಸಕ್ಕರೆಯ ಪೊಟ್ಟಣ ತೆಗೆದು ಅವಳ ನಾಲಗೆಯ ಮೇಲೆ ಸ್ವಲ್ಪ ಸ್ವಲ್ಪವಾಗಿ ಇಟ್ಟರು. ಅವಳು ನುಂಗುವ ಸ್ಥಿತಿಯಲ್ಲಿದ್ದುದು ನಮ್ಮ ಪುಣ್ಯ. ಪೂರ್ತಿ ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದೆಂಬುದು ನನಗೆ ಆಮೇಲೆ ತಿಳಿಯಿತು. ಆಂಬುಲೆನ್ಸ್ ಬಂದು ಸಸ್ಕ್ವಿಹಾನಾ ನದಿಯ ದಡದ ಒಂದು ಚಿಕ್ಕ ಊರಿನ ಆಸ್ಪತ್ರೆಗೆ ನಮ್ಮನ್ನು ಕರೆದೊಯ್ದಿತು. ಬಸ್ಸು ನಯಾಗರಾಕ್ಕೆ ಹೋಯಿತು.

ಹೃದಯದ ಬಡಿತ ಸರಿಯಿಲ್ಲವೆಂದು ಅವಳನ್ನು ಒಂದು ರಾತ್ರಿ ಅಲ್ಲಿ ಉಳಿಸಿಕೊಂಡರು. ಆಸ್ಪತ್ರೆಯ ಬಿಲ್ಲನ್ನು ಕಂಡಾಗ ನನ್ನ ಹೃದಯದ ಬಡಿತವೂ ಸರಿಯಿರಲಿಲ್ಲ. ನಾವು ಕೊಂಡಿದ್ದ ವಿಮೆ ಮೊದಲೇ ಇದ್ದ ಕಾಯಿಲೆಗಳಿಗೆ ಅನ್ವಯಿಸುವುದಿಲ್ಲವೆಂಬ ಷರತ್ತು ಪತ್ರದಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ಮೂವತ್ತಾರು ವರ್ಷಗಳ ಕಾಲ ಗ್ರಾಹಕರಿಗೆ "ಷರತ್ತುಗಳನ್ನು ಓದಿ ಸಹಿ ಮಾಡಿ" ಎಂದು ಹೇಳಿದ ನಾನೇ ಅದನ್ನು ಓದಿರಲಿಲ್ಲ. ತಪ್ಪು ಅನ್ಯರದಲ್ಲ.

ಮಗನು ರಾತ್ರಿಯ ವಿಮಾನದಲ್ಲಿ ಹೊರಟು ಮರುದಿನ ಬಂದನು. ಇಲ್ಲದ ರಜೆ ಆಗ ಹೇಗೋ ಸಿಕ್ಕಿತು. ಅವಳನ್ನು ತಕ್ಷಣ ಓಡಾಡಿಸಬಾರದೆಂದು ವೈದ್ಯರು ಹೇಳಿದ್ದರಿಂದ ಮೂವರೂ ಮೂರು ದಿನ ಆ ಊರಿನಲ್ಲಿಯೇ ಉಳಿದೆವು. ನೋಡತಕ್ಕ ಸ್ಥಳಗಳ ಯಾವ ಪಟ್ಟಿಯಲ್ಲಿಯೂ ಆ ಊರಿನ ಹೆಸರಿಲ್ಲ. ಸಂಜೆಯ ವೇಳೆ ನದಿಯ ದಡದ ಬೆಂಚಿನ ಮೇಲೆ ಕುಳಿತುಕೊಳ್ಳುತ್ತಿದ್ದೆವು. ಅಗಲವಾದ, ಆಳವಿಲ್ಲದ ನದಿ. ಅಲ್ಲಲ್ಲಿ ಬಂಡೆ, ಮರಗಳಿರುವ ನಡುಗಡ್ಡೆಗಳು. ಬೇಸಿಗೆಯ ತುಂಗೆಯ ಹಾಗಿದೆ ಎಂದಳು ನನ್ನಾಕೆ. "ನಿಮಗೆ ನಯಾಗರಾ ತಪ್ಪಿತಲ್ಲ ಅಮ್ಮಾ" ಎಂದು ಮಗ ನೊಂದುಕೊಂಡಾಗ ಅವಳು, "ನಾನು ನೋಡಲು ಬಂದದ್ದು ನಿನ್ನನ್ನು ಕಣೋ" ಎಂದಳು. ಅಲ್ಲಿಯವರೆಗೆ ಆ ಮಾತನ್ನು ನಮ್ಮಲ್ಲಿ ಯಾರೂ ಆಡಿರಲಿಲ್ಲ. ಮಗ ತನಗೆ ರಜೆಯಿಲ್ಲವೆಂಬ ಅಳುಕಿನಿಂದ ಪ್ರವಾಸ ಕಟ್ಟಿಸಿದ್ದನು. ಮಗ ಅಷ್ಟು ಹಣ ತೆತ್ತಿದ್ದಾನಲ್ಲ ಎಂಬ ಅಳುಕಿನಿಂದ ನಾವು ಹೊರಟಿದ್ದೆವು. ನ್ಯೂ ಟೌನಿನ ಎತ್ತರದ ಕಟ್ಟಡಗಳಲ್ಲಿ ಮಕ್ಕಳನ್ನು ಪರದೇಶಕ್ಕೆ ಕಳುಹಿಸಿ ಒಂಟಿಯಾಗಿರುವ ಎಷ್ಟೋ ದಂಪತಿಗಳು ಇದೇ ಎರಡು ಅಳುಕುಗಳ ನಡುವೆ ವಿಮಾನ ಹತ್ತುತ್ತಿದ್ದಾರೆಂದು ನಾನು ಬಲ್ಲೆ. ಆದುದರಿಂದ ಯೋಜನೆಯ ಮೊದಲ ಪ್ರಶ್ನೆ 'ಯಾವ ಯಾವ ಊರು?' ಎಂಬುದಲ್ಲ, 'ಯಾರನ್ನು ಅಥವಾ ಯಾವುದನ್ನು ನೋಡಲು ಹೋಗುತ್ತಿದ್ದೇವೆ?' ಎಂಬುದು. ಇದನ್ನು ತಂದೆತಾಯಿಗಳೂ ಮಕ್ಕಳೂ ಟಿಕೆಟ್ಟು ಕೊಳ್ಳುವುದಕ್ಕೆ ಮುಂಚೆ ಮುಚ್ಚುಮರೆಯಿಲ್ಲದೆ ಮಾತನಾಡಿಕೊಳ್ಳಬೇಕು.

ಈ ವಿಷಯದಲ್ಲಿ ನಾವು ಬಂಗಾಳಿಗಳಿಂದ ಕಲಿಯತಕ್ಕದ್ದು ಬಹಳವಿದೆ. ಪ್ರವಾಸಪ್ರಿಯತೆಗೆ ಅವರು ಹೆಸರಾದವರು. ಆದರೆ ಅವರ ಪ್ರೀತಿಯ ಪ್ರವಾಸಕ್ಕೆ ಅವರೇ ಇಟ್ಟಿರುವ ತಮಾಷೆಯ ಹೆಸರು 'ದೀಪುದಾ'—ದೀಘಾ, ಪುರಿ, ದಾರ್ಜಿಲಿಂಗ್. ಒಂದು ರಜೆಗೆ ಈ ಮೂರರಲ್ಲಿ ಒಂದು. ನೋಡಿದ್ದನ್ನೇ ಮತ್ತೆ ಮತ್ತೆ ನೋಡುವುದರಲ್ಲಿ ಅವರಿಗೆ ಬೇಸರವಿಲ್ಲ. ಅದಕ್ಕಿಂತ ಹಳೆಯ ಪದ್ಧತಿಯೊಂದು ಇತ್ತು: 'ಹವಾ ಬದಲ್', ಅಂದರೆ ಗಾಳಿಯ ಬದಲಾವಣೆ. ಜ್ವರದಿಂದ ಬಳಲಿದವರನ್ನು, ಅಜೀರ್ಣದಿಂದ ಸೊರಗಿದವರನ್ನು ಕೋಲ್ಕತ್ತದ ವೈದ್ಯರು ಪಶ್ಚಿಮದ ಕಡೆಗೆ ಕಳುಹಿಸುತ್ತಿದ್ದರು. ಇಂದಿನ ಜಾರ್ಖಂಡ್, ಬಿಹಾರಗಳಲ್ಲಿರುವ ಮಧುಪುರ, ಗಿರಿಡಿ, ದೇವಘರ್, ಶಿಮುಲ್‌ತಲಾಗಳಲ್ಲಿ ಮನೆ ಹಿಡಿದು, ಅಡಿಗೆಯ ಸಾಮಾನಿನೊಡನೆ ಹೋಗಿ, ತಿಂಗಳುಗಟ್ಟಲೆ ಅಲ್ಲಿಯ ಬಾವಿಯ ನೀರನ್ನು ಕುಡಿದು, ಬೆಳಿಗ್ಗೆ ಸಂಜೆ ನಡೆದಾಡಿ, ಹಸಿವನ್ನೂ ಮೈಬಣ್ಣವನ್ನೂ ಮರಳಿ ಪಡೆದು ಬರುತ್ತಿದ್ದರು. ವಿಹಾರವೆಂದರೆ ಒಂದು ಜಾಗದಲ್ಲಿ ನೆಲೆನಿಂತು ಆರೋಗ್ಯವನ್ನು ಸಂಪಾದಿಸುವುದು ಎಂಬುದು ಅದರ ತತ್ತ್ವ. ಇಂದಿನ ಪ್ರವಾಸದಿಂದ ಹಿಂತಿರುಗಿದವರು ಒಂದು ವಾರ ಹಾಸಿಗೆ ಹಿಡಿಯುವುದನ್ನು ಕಂಡಾಗ ಆ ತತ್ತ್ವ ತಲೆಕೆಳಗಾಗಿದೆ ಎನ್ನದೆ ಗತಿಯಿಲ್ಲ.

ದೂರದ ದೇಶದಲ್ಲಿಯೂ ಈ ತತ್ತ್ವ ಸಾಗೀತೇ ಎಂದು ಕೇಳುವವರಿಗೆ ರವೀಂದ್ರನಾಥ ಠಾಕೂರರ ಜೀವನದ ಪ್ರಸಂಗವೊಂದನ್ನು ನೆನಪಿಸುತ್ತೇನೆ. ನಮ್ಮ ನ್ಯೂ ಟೌನಿನ ರವೀಂದ್ರ ತೀರ್ಥದ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಅದು ನೆನಪಾಗುತ್ತದೆ. 1924ರಲ್ಲಿ, ತಮ್ಮ ಅರವತ್ತಮೂರನೆಯ ವಯಸ್ಸಿನಲ್ಲಿ, ಅವರು ಪೆರು ದೇಶದ ಸ್ವಾತಂತ್ರ್ಯದ ಶತಮಾನೋತ್ಸವದ ಆಹ್ವಾನದ ಮೇಲೆ ದಕ್ಷಿಣ ಅಮೆರಿಕಕ್ಕೆ ಹೊರಟರು. ಹಡಗಿನಲ್ಲಿಯೇ ಜ್ವರ ಹಿಡಿಯಿತು. ನವೆಂಬರ್ ತಿಂಗಳಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್ ತಲುಪುವ ವೇಳೆಗೆ ದೇಹ ಜರ್ಜರಿತವಾಗಿತ್ತು. ಆಂಡೀಸ್ ಪರ್ವತಗಳನ್ನು ದಾಟಿ ಹೋಗುವ ಪ್ರಯಾಣ ಕೂಡದೆಂದು ವೈದ್ಯರು ಹೇಳಿದರು. ವಿಕ್ಟೋರಿಯಾ ಒಕಾಂಪೊ ಎಂಬ ಲೇಖಕಿ ನಗರದ ಹೊರಗೆ, ಸ್ಯಾನ್ ಇಸಿದ್ರೋದಲ್ಲಿ, ಪ್ಲಾಟಾ ನದಿಯನ್ನು ನೋಡುವ ಮನೆಯೊಂದನ್ನು ಬಾಡಿಗೆಗೆ ಹಿಡಿದು ಅವರನ್ನು ಇರಿಸಿದರು. ಸುಮಾರು ಎರಡು ತಿಂಗಳು ಕವಿಗಳು ಆ ಮನೆ, ಆ ತೋಟ, ಆ ನದಿ ಇವುಗಳ ನಡುವೆ ಇದ್ದರು. ಪೆರುವನ್ನು ಅವರು ನೋಡಲೇ ಇಲ್ಲ. ಆದರೆ 'ಪೂರಬಿ' ಸಂಗ್ರಹದ ಎಷ್ಟೋ ಕವಿತೆಗಳು ಅಲ್ಲಿ ಹುಟ್ಟಿದವು. 1925ರಲ್ಲಿ ಪ್ರಕಟವಾದ ಆ ಪುಸ್ತಕವನ್ನು ಅವರು ತಾವು 'ವಿಜಯಾ' ಎಂದು ಕರೆಯುತ್ತಿದ್ದ ಆ ಮಹಿಳೆಗೇ ಅರ್ಪಿಸಿದರು. ಅಲ್ಲಿ ಅವರು ವಿಶ್ರಾಂತಿಗಾಗಿ ಕುಳಿತುಕೊಳ್ಳುತ್ತಿದ್ದ ಒರಗು ಕುರ್ಚಿಯನ್ನು ಒಕಾಂಪೊ ಹಟಹಿಡಿದು ಹಡಗಿಗೆ ಏರಿಸಿದರಂತೆ. ಒಳಗೆ ಒಯ್ಯಲು ಕೋಣೆಯ ಬಾಗಿಲನ್ನೇ ಕಳಚಬೇಕಾಯಿತೆಂದು ಹೇಳುತ್ತಾರೆ. ಆ ಕುರ್ಚಿ ಶಾಂತಿನಿಕೇತನಕ್ಕೆ ಬಂದು ಸೇರಿತು. ಒಂದು ಖಂಡದ ಯಾತ್ರೆಯಿಂದ ಒಂದು ಕುರ್ಚಿಯೂ ಒಂದು ಕವಿತಾಸಂಗ್ರಹವೂ ಬಂದವು. ವೈದ್ಯರ ಮಾತನ್ನು ಮೀರಿ ಪರ್ವತ ಹತ್ತಿದ್ದರೆ ಏನಾಗುತ್ತಿತ್ತೋ ಯಾರು ಬಲ್ಲರು!

ನಾವು ಕವಿಗಳಲ್ಲ, ನಿಜ. ಆದರೆ ಕನ್ನಡದಲ್ಲಿಯೂ ಇಂಥ ನೆಲೆನಿಂತ ನೋಟದ ನಿದರ್ಶನವಿದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರು ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿ ಬಂದು ಬರೆದ 'ಅಮೆರಿಕದಲ್ಲಿ ಗೊರೂರು' ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅದನ್ನು ಓದಿದವರ ಮನಸ್ಸಿನಲ್ಲಿ ಉಳಿಯುವುದು ಅವರು ಎಣಿಸಿದ ನಗರಗಳಲ್ಲ. ಹಳ್ಳಿಯ ಹಾಸ್ಯದ ಕಣ್ಣಿನಿಂದ ಅವರು ನೋಡಿದ ಮನುಷ್ಯರು.

ಹಾಗಾದರೆ ಯೋಜನೆ ಹೇಗಿರಬೇಕು? ನನಗೆ ತೋರಿದ ಕೆಲವು ನಿಯಮಗಳನ್ನು ಇಲ್ಲಿ ಕೊಡುತ್ತೇನೆ.

ಮೊದಲನೆಯದು, ಪಟ್ಟಿಯನ್ನು ಸೇರಿಸುವುದರಿಂದಲ್ಲ, ಹೊಡೆದುಹಾಕುವುದರಿಂದ ಆರಂಭಿಸಬೇಕು. ಹತ್ತು ಸ್ಥಳಗಳನ್ನು ಬರೆದು ಎಂಟನ್ನು ಅಳಿಸಿರಿ. ಉಳಿದೆರಡೂ ಒಂದೇ ಪ್ರಾಂತದಲ್ಲಿರಲಿ. ಒಂದೊಂದರಲ್ಲಿ ಕನಿಷ್ಠ ಮೂರು ರಾತ್ರಿ ತಂಗಿರಿ. ಹೋಗಿ ಇಳಿದ ಮೊದಲ ವಾರ ಪ್ರವಾಸವೇ ಬೇಡ. ಮಗನದೋ ಮಗಳದೋ ಮನೆಯಲ್ಲಿ ಹಗಲು ಬೆಳಕಿನಲ್ಲಿ ನಡೆದಾಡಿ ಒಳಗಿನ ಗಡಿಯಾರವನ್ನು ಸರಿಪಡಿಸಿಕೊಳ್ಳಿರಿ.

ಎರಡನೆಯದು, ಗುಂಪಿನಲ್ಲಿ ಅತ್ಯಂತ ದುರ್ಬಲರಾದವರ ಶಕ್ತಿಯೇ ಯೋಜನೆಯ ಅಳತೆಗೋಲು. ನಾಲ್ವರು ಗಟ್ಟಿಗರಿದ್ದು ಒಬ್ಬರಿಗೆ ಮಂಡಿನೋವಿದ್ದರೆ, ಆ ಮಂಡಿಯೇ ದಿನಚರಿಯನ್ನು ಬರೆಯಬೇಕು. ಎತ್ತರವನ್ನೂ ಗಮನಿಸಬೇಕು. ಗ್ರ್ಯಾಂಡ್ ಕ್ಯಾನಿಯನ್ನಿನ ದಕ್ಷಿಣದ ಅಂಚು ಸಮುದ್ರಮಟ್ಟದಿಂದ ಸುಮಾರು 2,100 ಮೀಟರು. ಹೆಚ್ಚು ಕಡಿಮೆ ಊಟಿಯ ಎತ್ತರ. ಯೆಲ್ಲೋಸ್ಟೋನ್ ಪ್ರದೇಶ ಅದಕ್ಕಿಂತಲೂ ಎತ್ತರ. ಸಮುದ್ರಮಟ್ಟದ ಕೋಲ್ಕತ್ತದ ಶ್ವಾಸಕೋಶಕ್ಕೆ ಇದು ತಿಳಿಯದೆ ಇರುವುದಿಲ್ಲ. ವಿಮಾನದೊಳಗಿನ ಗಾಳಿಯ ಒತ್ತಡವೂ ಸುಮಾರು 1,800ರಿಂದ 2,400 ಮೀಟರು ಎತ್ತರದ ಬೆಟ್ಟದ ಮೇಲಿನಷ್ಟೇ ಇರುತ್ತದೆ. ಹೃದಯ, ಶ್ವಾಸಕೋಶಗಳ ತೊಂದರೆಯಿರುವವರು, ರಕ್ತಹೀನತೆಯಿರುವವರು ಹೊರಡುವುದಕ್ಕೆ ಆರೆಂಟು ವಾರ ಮುಂಚೆಯೇ ವೈದ್ಯರನ್ನು ಕಾಣಬೇಕು. ಹಲ್ಲನ್ನೂ ತೋರಿಸಿಕೊಳ್ಳಿರಿ. ಅಲ್ಲಿ ಹಲ್ಲಿನ ಚಿಕಿತ್ಸೆ ಬಹಳ ದುಬಾರಿ. ಸಾಮಾನ್ಯ ಪ್ರವಾಸ ವಿಮೆ ಅದಕ್ಕೆ ಒದಗುವುದು ಅಪರೂಪ.

ಮೂರನೆಯದು, ಔಷಧಿ. ಇರುವಷ್ಟು ದಿನಗಳಿಗೂ, ಅದರ ಮೇಲೆ ಕೆಲವು ವಾರಗಳಿಗೂ ಆಗುವಷ್ಟನ್ನು ಅಂಗಡಿಯ ಪಟ್ಟಿಗಳಲ್ಲಿಯೇ, ವೈದ್ಯರ ಪತ್ರದೊಡನೆ, ಕೈಚೀಲದಲ್ಲಿ ಒಯ್ಯಬೇಕು. ಪತ್ರದಲ್ಲಿ ಕಂಪನಿಯ ಹೆಸರಲ್ಲ, ಔಷಧಿಯ ಮೂಲ ಹೆಸರಿರಲಿ. ಆದರೂ ಎಚ್ಚರ ಬೇಕು: ನಾವು ಪ್ಯಾರಾಸಿಟಮಾಲ್ ಎನ್ನುವುದನ್ನು ಅಮೆರಿಕದವರು ಅಸಿಟಾಮಿನೋಫೆನ್ ಎನ್ನುತ್ತಾರೆ. ಇನ್ಸುಲಿನ್ನನ್ನು ಸಾಮಾನಿನ ಪೆಟ್ಟಿಗೆಯಲ್ಲಿ ಹಾಕಲೇ ಕೂಡದು. ವಿಮಾನದ ಹೊಟ್ಟೆಯ ಚಳಿಯಲ್ಲಿ ಅದು ಹೆಪ್ಪುಗಟ್ಟಿ ಕೆಡಬಹುದು. ಇನ್ನೊಂದು ಸಂಗತಿಯನ್ನು ನಮ್ಮಲ್ಲಿ ಬಹಳ ಮಂದಿ ತಿಳಿಯರು. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ದೊರೆಯುವ ಇನ್ಸುಲಿನ್ ಸೀಸೆಯಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ಟು. ಅಮೆರಿಕದಲ್ಲಿ 100 ಯೂನಿಟ್ಟು. ಸೀಸೆ ಒಡೆದುಹೋಯಿತೆಂದು ಅಲ್ಲಿಯ ಇನ್ಸುಲಿನ್ ಕೊಂಡು ನಮ್ಮ ಸಿರಿಂಜಿನಲ್ಲಿ ಹಳೆಯ ಗುರುತಿಗೆ ಎಳೆದರೆ ಎರಡೂವರೆ ಪಟ್ಟು ಔಷಧಿ ದೇಹಕ್ಕೆ ಸೇರುತ್ತದೆ. ಪ್ರಾಣಾಪಾಯವಾಗಲು ಅಷ್ಟು ಸಾಕು. ಸೀಸೆಗೂ ಸಿರಿಂಜಿಗೂ ಗುರುತು ಒಂದೇ ಇರಬೇಕು. ಪಶ್ಚಿಮಕ್ಕೆ ಹಾರುವಾಗ ದಿನ ದೀರ್ಘವಾಗುತ್ತದೆ, ಪೂರ್ವಕ್ಕೆ ಹಾರುವಾಗ ಕುಗ್ಗುತ್ತದೆ. ಆ ದಿನಗಳ ಪ್ರಮಾಣವನ್ನು ವೈದ್ಯರಿಂದ ಬರೆಸಿಕೊಳ್ಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ತಟ್ಟೆ ಕಣ್ಣೆದುರಿಗೆ ಬಂದ ಮೇಲೆಯೇ ಊಟದ ಇನ್ಸುಲಿನ್. ಜೇಬಿನಲ್ಲಿ ಸದಾ ಗ್ಲೂಕೋಸ್ ಅಥವಾ ಸಕ್ಕರೆ. ಈ ಪಾಠಕ್ಕೆ ನಾವು ತೆತ್ತ ಶುಲ್ಕವನ್ನು ಮೇಲೆಯೇ ಹೇಳಿದ್ದೇನೆ.

ನಾಲ್ಕನೆಯದು, ಕುಳಿತಿರುವ ಕಾಲ. ನಾಲ್ಕು ಗಂಟೆಗಳಿಗಿಂತ ಹೆಚ್ಚು ಕಾಲ ಒಂದೇ ಸಮನೆ ಕುಳಿತು ಪ್ರಯಾಣ ಮಾಡಿದಾಗ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಎರಡು ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿತು. ಆರೋಗ್ಯವಂತರಲ್ಲಿ ಈ ಸಂಭವ ಬಹಳ ಕಡಿಮೆಯೇ ಆದರೂ, ವಯಸ್ಸಾದವರಲ್ಲಿ, ಸ್ಥೂಲಕಾಯರಲ್ಲಿ, ಈಚೆಗೆ ಶಸ್ತ್ರಚಿಕಿತ್ಸೆಯಾದವರಲ್ಲಿ ಅಲಕ್ಷಿಸತಕ್ಕದ್ದಲ್ಲ. ಈ ಎಚ್ಚರ ವಿಮಾನಕ್ಕೆ ಮಾತ್ರವಲ್ಲ, ಎಂಟು ಗಂಟೆಯ ಬಸ್ಸಿಗೂ ಅನ್ವಯಿಸುತ್ತದೆ. ಎದ್ದು ನಾಲ್ಕು ಹೆಜ್ಜೆ ಹಾಕಿರಿ; ಕುಳಿತಲ್ಲಿಯೇ ಪಾದಗಳನ್ನು ಆಡಿಸಿರಿ; ಶೌಚಕ್ಕೆ ಹೋಗಬೇಕಾದೀತೆಂಬ ಸಂಕೋಚದಿಂದ ನೀರು ಬಿಡಬೇಡಿರಿ. ನಮ್ಮ ಹೆಂಗಸರು ಈ ಸಂಕೋಚದಿಂದಲೇ ಹೆಚ್ಚು ಬಳಲುತ್ತಾರೆ.

ಐದನೆಯದು, ಕಾಲ ಮತ್ತು ಕಾಗದ. ಇವೆರಡನ್ನೂ ವಿಚಾರಿಸದೆ ಹೊರಟ ಮಹಾಪುರುಷರೊಬ್ಬರು ಇದೇ ಕೋಲ್ಕತ್ತದವರು. ಸ್ವಾಮಿ ವಿವೇಕಾನಂದರು 1893ರ ಮೇ 31ರಂದು ಮುಂಬಯಿಯಿಂದ ಹಡಗು ಹತ್ತಿ, ಜುಲೈ ಕೊನೆಯಲ್ಲಿ ಷಿಕಾಗೋ ತಲುಪಿದರು. ವಿಚಾರಿಸಿದರೆ ಸರ್ವಧರ್ಮ ಸಮ್ಮೇಳನ ಸೆಪ್ಟೆಂಬರಿನಲ್ಲಿ. ಪ್ರತಿನಿಧಿಯೆಂಬ ಅಧಿಕೃತ ಪತ್ರ ಅವರ ಬಳಿ ಇರಲಿಲ್ಲ. ಚಳಿಗೆ ತಕ್ಕ ಬಟ್ಟೆಯಿರಲಿಲ್ಲ. ಹಣ ಬೇಗಬೇಗನೆ ಕರಗುತ್ತಿತ್ತು. ಖರ್ಚು ಕಡಿಮೆಯೆಂದು ಬಾಸ್ಟನ್ನಿನ ಕಡೆಗೆ ಹೋಗಬೇಕಾಯಿತು. ಅಲ್ಲಿ ಹಾರ್ವರ್ಡಿನ ಪ್ರಾಧ್ಯಾಪಕ ರೈಟ್ ಅವರ ಪರಿಚಯಪತ್ರ ಒದಗಿ ಮುಂದಿನದೆಲ್ಲ ಚರಿತ್ರೆಯಾಯಿತು. ಅವರಿಗೆ ಆಗ ಮೂವತ್ತು ವರ್ಷ, ಜೊತೆಗೆ ತಪಸ್ಸಿನ ಬಲ. ಅರವತ್ತೈದರ ನಮಗೆ ಅದೃಷ್ಟದ ಮೇಲೆ ಅಷ್ಟು ಭಾರ ಹಾಕುವ ಹಕ್ಕಿಲ್ಲ. ಯಾವ ಸ್ಥಳ ಯಾವ ತಿಂಗಳಲ್ಲಿ ತೆರೆದಿರುತ್ತದೆ ಎಂದು ತಿಳಿಯಬೇಕು. ಯೆಲ್ಲೋಸ್ಟೋನಿನ ಬಹುತೇಕ ರಸ್ತೆಗಳು ನವೆಂಬರಿನಿಂದ ಏಪ್ರಿಲ್‌ವರೆಗೆ ಹಿಮದಿಂದ ಮುಚ್ಚಿರುತ್ತವೆ. ವಿಮೆಯ ಪತ್ರವನ್ನು ಕೊನೆಯ ಸಾಲಿನವರೆಗೆ ಓದಬೇಕು. ಈಗಾಗಲೇ ಇರುವ ಕಾಯಿಲೆಯನ್ನು ಅದು ಒಳಗೊಂಡಿದೆಯೇ ಎಂಬ ಒಂದು ಪ್ರಶ್ನೆಗೆ ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಕೆಲವು ರೂಪಾಯಿ ಉಳಿಸಲು ಕಾಯಿಲೆಯನ್ನು ಮುಚ್ಚಿಟ್ಟು ವಿಮೆ ಮಾಡಿಸುವವರಿದ್ದಾರೆ. ಅದು ಛತ್ರಿಯನ್ನು ಮನೆಯಲ್ಲಿಟ್ಟು ಮಳೆಗೆ ಹೊರಟಂತೆ.

ಇಷ್ಟನ್ನು ಓದಿದವರು ಒಂದು ಆಕ್ಷೇಪವನ್ನು ಎತ್ತಬಹುದು. "ಜನ್ಮದಲ್ಲಿ ಒಮ್ಮೆ ಹೋಗುವವರು ನಾವು. ಅಷ್ಟು ಹಣ ತೆತ್ತು ಸಪ್ತಸಾಗರ ದಾಟಿ, ಎಲ್ಲವನ್ನೂ ನೋಡದೆ ಬರುವುದೇ?" ಎಂದು. ಈ ಮಾತಿನಲ್ಲಿ ನ್ಯಾಯವಿಲ್ಲವೆಂದು ನಾನು ಹೇಳುವುದಿಲ್ಲ. ಇಡೀ ಬದುಕು ಸಂಸಾರಕ್ಕಾಗಿ ದುಡಿದ ಮಧ್ಯಮ ವರ್ಗದವರಿಗೆ ಒಂದು ಕಾಸೂ ವ್ಯರ್ಥವಾಗಬಾರದೆಂಬ ಎಣಿಕೆ ಸಹಜ. ಗುಂಪಿನ ಪ್ರವಾಸದಲ್ಲಿ ಭಾಷೆಯ, ಊಟದ, ದಾರಿಯ ಚಿಂತೆಯಿಲ್ಲವೆಂಬುದೂ ನಿಜ. ಗಟ್ಟಿಮುಟ್ಟಾದವರು ಅದರಿಂದ ಸಂತೋಷಪಟ್ಟು ಬಂದುದನ್ನು ಕಂಡಿದ್ದೇನೆ. ಆದರೆ ಎಲ್ಲವನ್ನೂ ನೋಡುವುದು ಆ ದೇಶದಲ್ಲಿ ಹುಟ್ಟಿ ಬೆಳೆದವರಿಗೂ ಸಾಧ್ಯವಿಲ್ಲ. ನಾವು ಹುಟ್ಟಿದ ಕರ್ನಾಟಕವನ್ನೇ ಪೂರ್ತಿ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ? ಬೀದರಿನ ಕೋಟೆಯನ್ನೂ ಬನವಾಸಿಯ ದೇಗುಲವನ್ನೂ ನೋಡದೆ ಸುಖವಾಗಿ ಬಾಳಿದ ನಾವು, ಹನ್ನೊಂದನೆಯ ಅಮೆರಿಕನ್ ನಗರವನ್ನು ನೋಡದೆ ಬಾಳಲಾರೆವೇ? ಹಣ ವ್ಯರ್ಥವಾಗುವುದು ಬಿಟ್ಟ ಊರಿನಿಂದಲ್ಲ; ಬಸ್ಸಿನ ಕಿಟಕಿಯ ಗಾಜಿಗೆ ತಲೆಯಾನಿಸಿ ನಿದ್ರಿಸುತ್ತ ದಾಟಿದ ಊರಿನಿಂದ.

ಕೊನೆಯದಾಗಿ, ನಮ್ಮ ಮನೆಯ ಹೊಸ ಯೋಜನೆಯನ್ನು ಹೇಳಿ ಮುಗಿಸುತ್ತೇನೆ. ನನ್ನಾಕೆ ಸಾಗರದ ಕಡೆಯವಳು. ಜೋಗದ ಸದ್ದು ಕೇಳುತ್ತ ಬೆಳೆದವಳು. ಎತ್ತರದಲ್ಲಿ ನಯಾಗರಾಕ್ಕೂ ಜೋಗಕ್ಕೂ ಹೋಲಿಕೆಯೇ ಇಲ್ಲ. ಜೋಗ 253 ಮೀಟರು. ನಯಾಗರಾ ಐವತ್ತು ಮೀಟರಿನ ಆಸುಪಾಸು. ಅದರ ಹಿರಿಮೆ ಇರುವುದು ಅಗಲದಲ್ಲಿ ಮತ್ತು ನೀರಿನ ರಾಶಿಯಲ್ಲಿ. ಎರಡಕ್ಕೂ ಒಂದು ಸಮಾನ ದುಃಖವಿದೆ: ಎರಡರ ನೀರನ್ನೂ ವಿದ್ಯುತ್ತಿಗಾಗಿ ತಡೆದು ತಿರುಗಿಸಿದ್ದಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಜೋಗದ ವೈಭವ ಮುಖ್ಯವಾಗಿ ಮಳೆಗಾಲದ್ದು. ನಯಾಗರಾದಲ್ಲಿ, ಅಮೆರಿಕ ಮತ್ತು ಕೆನಡಾ ದೇಶಗಳ 1950ರ ಒಪ್ಪಂದದಂತೆ, ಏಪ್ರಿಲಿನಿಂದ ಅಕ್ಟೋಬರ್‌ವರೆಗೆ ಹಗಲಿನಲ್ಲಿ ಸೆಕೆಂಡಿಗೆ ಕನಿಷ್ಠ 1 ಲಕ್ಷ ಘನ ಅಡಿ ನೀರನ್ನು ಜಲಪಾತಕ್ಕೆ ಬಿಡಬೇಕು. ರಾತ್ರಿಯಲ್ಲಿ, ಚಳಿಗಾಲದಲ್ಲಿ ಅದರ ಅರ್ಧ ಸಾಕು. ಇದನ್ನು ಓದಿ ಹೇಳಿದಾಗ ಅವಳು, "ಹಾಗಾದರೆ ಬೇಸಿಗೆಯಲ್ಲಿ ಹಗಲು ಹೊತ್ತೇ ಹೋಗೋಣ, ಕುಳಿತು ನೋಡೋಣ" ಎಂದಳು.

ಅಷ್ಟೇ ನಮ್ಮ ಯೋಜನೆ. ಬರುವ ಬೇಸಿಗೆಯಲ್ಲಿ ಮಗನ ಮನೆಯಲ್ಲಿ ಎರಡು ತಿಂಗಳು. ನಡುವೆ ಅವನು ಪಡೆಯುವ ಆರು ದಿನಗಳ ರಜೆಯಲ್ಲಿ ಮೂವರೂ ನಯಾಗರಾಕ್ಕೆ, ನಾಲ್ಕು ರಾತ್ರಿ. ಹಿಂತಿರುಗುವಾಗ ದಾರಿ ಬಳಸಾದರೂ ಸಸ್ಕ್ವಿಹಾನಾ ದಡದ ಆ ಊರಿನ ಬೆಂಚಿನ ಮೇಲೆ ಒಂದು ಸಂಜೆ ಕುಳಿತು ಬರಬೇಕೆಂದು ಅವಳ ಆಸೆ. ವೈದ್ಯರ ಒಪ್ಪಿಗೆ ದೊರೆತಿದೆ. ವಿಮೆಯ ಪತ್ರವನ್ನು ಎರಡು ಸಲ ಓದಿದ್ದೇನೆ.

ಇಕೋ ಪಾರ್ಕಿನ ನಮ್ಮ ಹಿರಿಯ ಮಿತ್ರರು ಈ ಲೇಖನವನ್ನು ಓದಿ ತಮ್ಮ ಕಿರುಹೊತ್ತಗೆಯಲ್ಲಿ ಎಂಟು ನಗರಗಳ ಮೇಲೆ ಗೀಟು ಎಳೆದಾರೆಂದು ನಂಬುತ್ತೇನೆ. ಏಳು ಅದ್ಭುತಗಳನ್ನು ಅರ್ಧ ಗಂಟೆಯಲ್ಲಿ ಸುತ್ತುವ ಆಸೆಗೆ ನಮ್ಮ ಉದ್ಯಾನವೇ ಇದೆ. ದೂರದ ದೇಶಕ್ಕೆ ಹೋಗುವವರು ದಯವಿಟ್ಟು ಒಂದೆಡೆ ಕುಳಿತು ನೋಡಿ ಬನ್ನಿರಿ, ಆರೋಗ್ಯವಾಗಿ ಬನ್ನಿರಿ.